ಚೆಲ್ಲಿದವನು ನಾನು

ಅರಸೀಕೆರೆ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಕೆಳಗಿಳಿದು, ನಿಂತು, ಸಮಾಧಾನವಾಗಿ ಕಾಫಿ ಕುಡಿಯುವವರು ಕೆಲವರೇ. ಉಳಿದವರೆಲ್ಲ ಕೂತಲ್ಲಿಂದಲೇ ಕಿಟಕಿಯ ಆಚೆಗೆ ಕೈ ಚಾಚುತ್ತಾರೆ. ಹಾಗೆ ಚಾಚಿದ ಕೈಗಳಿಗೆ ಇಪ್ಪತ್ತೆಂಟು ವರ್ಷ ಇಡ್ಲಿ, ವಡೆ, ಕಾಫಿ ಕೊಟ್ಟವನು ಹನುಮಯ್ಯ.

ಅವನ ಹುಟ್ಟೂರು ಗೆಂಡೆಹಳ್ಳಿ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು, ಹದಿನೆಂಟನೇ ವಯಸ್ಸಿಗೆ ಅರಸೀಕೆರೆಗೆ ಬಂದು, ಸ್ಟೇಷನ್ನಿನ ಒಳಗೆ ಕಲ್ಲೇಶಪ್ಪ ಎಂಬವರು ಕಂಟ್ರಾಕ್ಟಿಗೆ ಹಿಡಿದಿದ್ದ ಕ್ಯಾಂಟೀನಿನಲ್ಲಿ ಸಪ್ಲೈಯರ್ ಆಗಿ ಸೇರಿಕೊಂಡ. ಎಡಗೈ ಮೇಲೆ ಮೊಣಕೈವರೆಗೂ ತಟ್ಟೆಗಳ ಸಾಲು, ಬಲಗೈ ಬೆರಳುಗಳ ಸಂದಿಯಲ್ಲಿ ನಾಲ್ಕು ಲೋಟ, ಹಾಗೇ ಗಾಡಿಯ ಉದ್ದಕ್ಕೂ ಓಡುತ್ತಿದ್ದ. ಹಸಿದವರು ಯಾರು, ಸುಮ್ಮನೆ ಕರೆದು ವಾಸನೆ ನೋಡುವವರು ಯಾರು ಎಂದು ಮುಖದಲ್ಲೇ ತಿಳಿಯುತ್ತಿತ್ತು ಅವನಿಗೆ. ಅವನ ಮುಖವನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ. ಗಿರಾಕಿಗಳಿಗೆ ಅವನು ಒಂದು ಕೈ, ಆ ಕೈಗೊಂದು ತಟ್ಟೆ. ಅವನ ಹೆಸರು ಒಬ್ಬರಿಗೆ “ಏಯ್ ಕಾಫಿ”, ಇನ್ನೊಬ್ಬರಿಗೆ “ಏಯ್ ಇಡ್ಲಿ”.

ಆದರೂ ಅಪರೂಪಕ್ಕೆ ಒಂದು ದಿನ ಖುಷಿಯಾಗಿ ಮನೆಗೆ ಬರುತ್ತಿದ್ದ. ಹೆಂಡತಿ ಅನುಸೂಯಮ್ಮ ಹಳೇಬೀಡಿನ ಕಡೆಯವಳು, ಮಾತಿನಲ್ಲಿ ಸೋಲುವವಳಲ್ಲ.

“ಇವತ್ತು ಒಬ್ರು ದೊಡ್ಡ ಮನುಷ್ಯರು ಬಂದಿದ್ರು ಕಣೆ” ಅನ್ನುತ್ತಿದ್ದ.

“ಯಾರ್ರೀ, ಮಂತ್ರಿನಾ?”

“ಯಾರೋ ಏನೋ. ತಿಂದ ತಟ್ಟೆ ಎಲ್ಲಾ ಒಂದರ ಮೇಲೊಂದು ಜೋಡಿಸಿ, ಲೋಟದೊಳಗೆ ಲೋಟ ಇಟ್ಟು, ಎರಡು ಕೈಲೂ ಹಿಡಿದು ಕೊಟ್ರು.”

“ಅಷ್ಟೇನಾ? ಅಷ್ಟಕ್ಕೇ ದೊಡ್ಡ ಮನುಷ್ಯರಾಗ್ಬುಟ್ರಾ?”

“ಇನ್ನೇನು ಮಾಡ್ಬೇಕಿತ್ತು ಅವರು? ಅದಕ್ಕಿಂತ ಮರ್ವಾದಿ ಏನೈತೆ?”

ಸಪ್ಲೈಯರ್ ಕಸುಬಿನಲ್ಲಿ ಅದು ಹಾಗೇ. ಬಾಯಲ್ಲಿ ಥ್ಯಾಂಕ್ಸ್ ಹೇಳಿದವನಿಗಿಂತ ತಟ್ಟೆ ಜೋಡಿಸಿ ಕೊಟ್ಟವನು ನಮ್ಮ ಕಷ್ಟ ಬಲ್ಲವನು ಎಂದು ಲೆಕ್ಕ.

ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಒಂದು ದಿನ ಬೆಳಿಗ್ಗೆ ಆ ತಟ್ಟೆಯೇ ಅವನ ಕೈಬಿಟ್ಟಿತು. ಮೊದಲನೇ ದರ್ಜೆಯ ಕಿಟಕಿಯೊಂದರಲ್ಲಿ ಒಬ್ಬರು ಆಫೀಸರು ಮತ್ತು ಅವರ ಹೆಂಡತಿ ಕೂತಿದ್ದರು. ಹನುಮಯ್ಯ ಕಾಫಿ ಲೋಟವನ್ನು ಕಿಟಕಿಯ ಒಳಕ್ಕೆ ಚಾಚುವುದಕ್ಕೂ, ಎಂಜಿನ್ನು ಬಂದು ತಗುಲಿ ಗಾಡಿ ಜಗ್ಗುವುದಕ್ಕೂ ಸರಿಹೋಯಿತು. ಕಾಫಿಯೆಲ್ಲ ಆಯಮ್ಮನ ರೇಷ್ಮೆ ಸೀರೆ ಮೇಲೆ.

“ಗಾಡಿ ಜಗ್ಗಿತು ಬುದ್ದಿ” ಅಂದ ಹನುಮಯ್ಯ. ಅಷ್ಟೇ ಅವನು ಆಡಿದ ಮಾತು.

ಆಫೀಸರು ಇಳಿದು ಬಂದು ದೂರಿನ ಪುಸ್ತಕ ಕೇಳಿದರು. ಕಲ್ಲೇಶಪ್ಪನವರ ಗಲ್ಲಾ ಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದ ಪುಸ್ತಕ ಅದು. ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು, ಗಾಡಿ ಹತ್ತಿ ಹೊರಟುಹೋದರು. ಅವರ ಎದುರು ಸೀಟಿನಲ್ಲಿ ಕೂತು ಎಲ್ಲವನ್ನೂ ನೋಡಿದ್ದ ಕನ್ನಡಕದ ಯಜಮಾನರೊಬ್ಬರು ಪೇಪರಿನ ಹಾಳೆ ಮಗುಚಿದರು. ಅವರೂ ಗಾಡಿಯ ಜೊತೆಗೇ ಹೋದರು.

ಕಲ್ಲೇಶಪ್ಪ ಆ ಸಾಲುಗಳನ್ನು ಓದಿ ಅರ್ಥ ಹೇಳಿದರು: ಸಪ್ಲೈಯರ್ ಅಜಾಗರೂಕತೆಯಿಂದ ಕಾಫಿ ಚೆಲ್ಲಿದ, ಕೇಳಿದ್ದಕ್ಕೆ ಎದುರು ಮಾತಾಡಿದ. ಹೆಸರು ಇರಲಿಲ್ಲ. ಬರೀ ಸಪ್ಲೈಯರ್.

ಎರಡು ಮಾರು ದೂರದಲ್ಲಿ ವಡೆ ಬುಟ್ಟಿ ಹಿಡಿದು ನಿಂತಿದ್ದವನು ಮರಿಯಣ್ಣ, ಜೊತೆಯ ಸಪ್ಲೈಯರ್, ಮೂರು ಮನೆ ಆಚೆಯವನು. ಕಲ್ಲೇಶಪ್ಪ ಅವನನ್ನು ಕರೆದು, “ನೀನು ನೋಡಿದೆಯೇನಯ್ಯಾ? ಗಾಡಿ ಜಗ್ಗಿತಾ?” ಎಂದು ಕೇಳಿದರು.

ಮರಿಯಣ್ಣ ನೆಲ ನೋಡಿದ. “ನಾನು ಆಚೆ ಕಡೆ ತಿರುಗ್ಕಂಡಿದ್ದೆ ಸಾವ್ಕಾರ್ರೆ.”

ಅವನು ತಿರುಗಿಕೊಂಡಿರಲಿಲ್ಲ. ಹನುಮಯ್ಯನ ಕಣ್ಣು ಅವನ ಕಣ್ಣು ಆಗತಾನೇ ಕೂಡಿದ್ದವು.

“ಬರೆದದ್ದು ಬರೆದ ಹಾಗೆ ಉಳಿಯುತ್ತೆ ಹನುಮಯ್ಯ. ಮೇಲಿನವರು ಬಂದು ನೋಡಿದರೆ ನನ್ನ ಕಂಟ್ರಾಕ್ಟಿಗೇ ಬರುತ್ತೆ. ನೀನು ಇನ್ನು ಮುಂದೆ ಒಳಗಿರು” ಅಂದರು ಕಲ್ಲೇಶಪ್ಪ. ಕೆಟ್ಟ ಮನುಷ್ಯರೇನಲ್ಲ, ಹೆದರಿದ ಮನುಷ್ಯರು. ಒಳಗೆ ಅಂದರೆ ಹಿಂದುಗಡೆಯ ತೊಟ್ಟಿಯ ಹತ್ತಿರ, ಎಂಜಲು ತಟ್ಟೆ ತೊಳೆಯುವ ಜಾಗ. ಗಾಡಿ ಬಂದ ಸದ್ದು, ಹೋದ ಸದ್ದು ಕೇಳುತ್ತಿತ್ತೇ ಹೊರತು ಕಣ್ಣಿಗೆ ಕಾಣುತ್ತಿರಲಿಲ್ಲ. ಅಲ್ಲಿ ಹತ್ತು ವರ್ಷ ಕೂತು ತೊಳೆದು, ಕೈ ಚರ್ಮ ಬಿಳಿಚಿಕೊಂಡು, ಕೊನೆಗೆ ಕೆಲಸ ಬಿಟ್ಟು ಮನೆಗೆ ಬಂದ. ದೂರು ಬರೆದ ದಿನದಿಂದಲೇ ಮರಿಯಣ್ಣನ ಜೊತೆ ಮಾತು ಬಿಟ್ಟಿದ್ದ. ಬೀದಿಯಲ್ಲಿ ಎದುರಾದರೆ ಚರಂಡಿ ದಾಟಿ ಆಚೆ ಬದಿಗೆ ಹೋಗುತ್ತಿದ್ದ. ಅವನ ಮಗಳ ಮದುವೆಗೂ ಹೋಗಲಿಲ್ಲ. “ಒಂದು ಮಾತು ಕಣೆ. ಒಂದೇ ಒಂದು ಮಾತು ಆಡಿದ್ರೆ ಆಗ್ತಿತ್ತು ಅವನು” ಎಂದು ಅನುಸೂಯಮ್ಮನ ಮುಂದೆ ಎಷ್ಟು ಸಲ ಅಂದಿದ್ದನೋ ಅವಳೇ ಮರೆತಿದ್ದಳು.

ಇಂಥ ಹನುಮಯ್ಯ ವಿಮಾನ ಹತ್ತಿದ್ದು ಎರಡು ಸಾವಿರದ ಎರಡನೇ ಇಸವಿಯಲ್ಲಿ. ಅವನ ಒಬ್ಬಳೇ ಮಗಳು ಮಾಲಿನಿ ದೆಹಲಿಯಲ್ಲಿ ಸರ್ಕಾರಿ ಆಫೀಸಿನಲ್ಲಿ ಟೈಪಿಸ್ಟು. ಚೊಚ್ಚಲ ಬಸುರಿ. ಬಾಣಂತನಕ್ಕೆ ಅಪ್ಪ ಅಮ್ಮ ಮುಂದಿನ ತಿಂಗಳು ರೈಲಿನಲ್ಲಿ ಹೋಗುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಬೀದಿ ಕೊನೆಯ ಎಸ್‌ಟಿಡಿ ಬೂತಿಗೆ ಅಳಿಯನ ಫೋನು ಬಂತು. ಎಂಟು ತಿಂಗಳಿಗೇ ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ, ಡಾಕ್ಟರು ಏನೂ ಹೇಳುತ್ತಿಲ್ಲ. ರೈಲಾದರೆ ಎರಡು ದಿನ. ಅಳಿಯನ ಸ್ನೇಹಿತರೊಬ್ಬರು ಬೆಂಗಳೂರಿನಲ್ಲಿ ಟಿಕೀಟು ತೆಗೆದು ಗಂಡಹೆಂಡಿರ ಕೈಗೆ ಕೊಟ್ಟು, ವಿಮಾನ ನಿಲ್ದಾಣದ ಬಾಗಿಲ ತನಕ ಬಂದು ಬಿಟ್ಟುಹೋದರು.

ಬೆಳಗಿನ ವಿಮಾನ. ಕಿಟಕಿ ಪಕ್ಕ ಅನುಸೂಯಮ್ಮ, ನಡುವೆ ಹನುಮಯ್ಯ, ಓಡಾಡುವ ದಾರಿಯ ಬದಿಗೆ ದ್ರಾಕ್ಷಾಯಣಿ ಎಂಬ ಹಾಸನದ ಕಾಲೇಜು ಲೆಕ್ಚರರು. ಕನ್ನಡದವರು ಪಕ್ಕಕ್ಕೆ ಸಿಕ್ಕಿದ್ದೇ ಪುಣ್ಯ ಎಂದುಕೊಂಡರು ಗಂಡಹೆಂಡಿರು.

ವಿಮಾನ ನೆಲ ಬಿಡುವಾಗ ಅನುಸೂಯಮ್ಮ ಕಣ್ಣು ಮುಚ್ಚಿದವಳು ತೆಗೆಯಲೇ ಇಲ್ಲ. ಭಯ ವಿಮಾನದ್ದೋ ಮಗಳದ್ದೋ ಅವಳಿಗೂ ಗೊತ್ತಿಲ್ಲ, ಕಣ್ಣಿಂದ ನೀರು ಇಳಿಯುತ್ತಿತ್ತು. ನೀಲಿ ಸೀರೆಯ ಹುಡುಗಿಯೊಬ್ಬಳು ನೀರು ತಂದಳು. ಬಗ್ಗಿ ಕೂತು, ಅನುಸೂಯಮ್ಮನ ಕೈಮೇಲೆ ಕೈ ಇಟ್ಟು, “ಏಮಿ ಆಯ್ತು ಅಮ್ಮಾ?” ಎಂದು ಕೇಳಿದಳು. ತೆಲುಗಿನ ಹುಡುಗಿ. ಬೆಂಗಳೂರಿಗೆ ಹೋಗಿಬಂದು ಅಷ್ಟಿಷ್ಟು ಕನ್ನಡ ಕಲಿತಿದ್ದಳು.

“ಮಗಳು ಕಣವ್ವ. ಹೆರಿಗೆ ನೋವು. ಎಂಟೇ ತಿಂಗಳು.”

“ನಮ್ಮಮ್ಮ ಕೂಡ ನನ್ನ ಎಂಟು ತಿಂಗಳಿಗೇ ಹೆತ್ತಿದ್ದು. ಚೂಡಂಡಿ, ನೋಡಿ, ಹೇಗಿದ್ದೀನಿ!” ಎಂದು ಎದ್ದು ನಿಂತು ತೋರಿಸಿದಳು. ಐದೂವರೆ ಅಡಿಯ ಹುಡುಗಿ. ಅನುಸೂಯಮ್ಮನಿಗೆ ಆ ಅಳುವಿನಲ್ಲೂ ನಗು ಬಂತು. ಆಮೇಲೆ ಹುಡುಗಿ ಕರೆಯದೆಯೇ ಎರಡು ಸಲ ಬಂದು ನೋಡಿಕೊಂಡು ಹೋದಳು.

“ಪೇಪರಲ್ಲಿ ಗಗನಸಖಿ ಅಂತ ಬರೀತಾರಂತಲ್ಲ, ಇವ್ರೇ ಏನ್ರೀ?” ಅನುಸೂಯಮ್ಮ ಪಿಸುಗುಟ್ಟಿದಳು.

“ಏನು ಸಖಿನೋ. ಸಪ್ಲೈಯರ್ ಕಣೆ. ನಮ್ಮ ಕಸುಬಿನೋಳು.”

ಹಾಗಂದವನು ಅವಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವಳು ಮತ್ತು ಇನ್ನೊಬ್ಬಳು ಸೇರಿ ಒಂದು ಕಿರಿದಾದ ಗಾಡಿ ತಳ್ಳಿಕೊಂಡು ತಿಂಡಿ ಹಂಚುತ್ತಾ ಬರುತ್ತಿದ್ದರು. ಬಗ್ಗುವಾಗ ಅವಳು ಬೆನ್ನು ಬಗ್ಗಿಸುತ್ತಿರಲಿಲ್ಲ, ಮಂಡಿ ಮಡಿಸುತ್ತಿದ್ದಳು. ನೂರು ಸಲ ಬಗ್ಗುವವರಿಗೆ ಮಾತ್ರ ಗೊತ್ತಿರುವ ಉಪಾಯ ಅದು. ಟೀ ಕೇಳಿದರೆ ಕೂತವರ ಮೇಲೆ ಕೈ ಚಾಚಿ ಸುರಿಯುತ್ತಿರಲಿಲ್ಲ; ಸಣ್ಣ ತಟ್ಟೆಯೊಂದನ್ನು ಮುಂದೆ ಹಿಡಿದು, ಅದರ ಮೇಲೆ ಅವರ ಕಪ್ಪು ಇಡಿಸಿಕೊಂಡು, ತನ್ನ ಕಡೆಗೆ ಎಳೆದು, ಅಲ್ಲಿ ಸುರಿದು, ತಟ್ಟೆಯನ್ನೇ ಚಾಚುತ್ತಿದ್ದಳು. ಚೆಲ್ಲಿದರೆ ತನ್ನ ಮೇಲೆ ಚೆಲ್ಲಬೇಕು, ಗಿರಾಕಿ ಮೇಲಲ್ಲ. ಹನುಮಯ್ಯ ಅದನ್ನು ಮೂರು ಸಾಲು ನೋಡಿದ.

“ನಮಗಿದು ಹೊಳೀಲೇ ಇಲ್ಲವಲ್ಲೇ” ಅಂದ.

ಕೂತವರನ್ನೂ ನೋಡಿದ. ಒಬ್ಬ ಪೇಪರು ಕೆಳಗಿಳಿಸದೆ ಕೈ ಮಾತ್ರ ನೀಡಿದ. ಇನ್ನೊಬ್ಬ ಚಿಟಿಕೆ ಹೊಡೆದು ಕರೆದ. ಅವಳು ಪ್ರತಿಯೊಬ್ಬರ ಮುಖವನ್ನೂ ನೋಡಿಯೇ ಕೊಡುತ್ತಿದ್ದಳು. ಹನುಮಯ್ಯನಿಗೆ ಗೊತ್ತಿದ್ದ ಹಾಗೆ ಅದು ಕಷ್ಟದ ಕೆಲಸ. ತಟ್ಟೆ ಹೊರುವುದಕ್ಕಿಂತ ಕಷ್ಟ.

ತಿಂಡಿ ಮುಗಿಯಿತು. “ಆ ಹುಡುಗಿಗೆ ಥ್ಯಾಂಕ್ಸ್ ಅಂತ ಹೇಳ್ರೀ. ಎಲ್ಲಾ ಹಂಗೇ ಅಂತಾರೆ” ಅಂದಳು ಅನುಸೂಯಮ್ಮ.

“ಅದು ಬಾಯಿ ಮಾತು ಕಣೆ. ನಮ್ಮ ಕಸುಬಲ್ಲಿ ಹೇಳೋ ರೀತಿ ಬೇರೆ ಐತೆ” ಎಂದು ಹನುಮಯ್ಯ ಅಂಗಿಯ ತೋಳು ಮಡಿಸಿದ.

ತನ್ನ ಟ್ರೇ, ಹೆಂಡತಿಯ ಟ್ರೇ, ಒಂದರ ಮೇಲೊಂದು ಇಟ್ಟ. “ಕೊಡಿ ಮೇಡಂ” ಎಂದು ದ್ರಾಕ್ಷಾಯಣಿಯವರದನ್ನೂ ತೆಗೆದುಕೊಂಡ. “ಇಲ್ಲಿ ಹಾಗೆ ಜೋಡಿಸ್ತಾರೋ ಇಲ್ಲವೋ...” ಎಂದು ಅವರು ಅನುಮಾನ ಮಾಡಿದರು.

“ಕೊಡಿ ಮೇಡಂ, ನಿಮಗೆ ಗೊತ್ತಾಗಾಕಿಲ್ಲ. ಇದು ನಮ್ಮದು.”

ಹಿಂದಿನ ಸಾಲಿಗೂ ಕೈ ಹಾಕಿ ಮೂರು ಟ್ರೇ ತೆಗೆದ. ಬಟ್ಟಲೊಳಗೆ ಬಟ್ಟಲು, ಕಪ್ಪಿನೊಳಗೆ ಕಪ್ಪು, ಚಮಚಗಳೆಲ್ಲ ಒಂದೇ ದಿಕ್ಕಿಗೆ. ಹದಿನಾಲ್ಕು ವರ್ಷದ ಮೇಲೆ ಕೈಗೆ ಹಳೇ ಓಟ ಬಂದಿತ್ತು. ಮೇಲಿನ ಕಪ್ಪಿನಲ್ಲಿ ಯಾರೋ ಅರ್ಧ ಟೀ ಬಿಟ್ಟಿದ್ದರು. ಅದನ್ನು ಅವನು ನೋಡಲಿಲ್ಲ. ಹಳೇ ಹನುಮಯ್ಯನಾಗಿದ್ದರೆ ಮೊದಲು ನೋಡುತ್ತಿದ್ದುದು ಅದನ್ನೇ.

ಹುಡುಗಿ ಎಂಜಲು ತಟ್ಟೆ ತೆಗೆದುಕೊಳ್ಳುವ ಗಾಡಿಯೊಂದಿಗೆ ಬಂದಾಗ ಹನುಮಯ್ಯ ಎದ್ದು, ತಲೆ ಬಗ್ಗಿಸಿ, ಆ ರಾಶಿಯನ್ನು ಎಡ ಅಂಗೈ ಮೇಲೆ ಎತ್ತಿಕೊಂಡು ದ್ರಾಕ್ಷಾಯಣಿಯವರ ತಲೆಯ ಮೇಲಿಂದ ಚಾಚಿದ. ಆಗ ಅವನಿಗೆ ಅವಳ ಗಾಡಿಯ ಒಳಗು ಕಂಡಿತು. ಬೀರುವಿನ ಹಾಗೆ ಸಾಲು ಸಾಲು ಗೂಡು. ಒಂದು ಗೂಡಿಗೆ ಒಂದು ಟ್ರೇ, ಕೊಟ್ಟಾಗ ಹೇಗಿತ್ತೋ ಹಾಗೇ ಸರಿಯಬೇಕು. ಜೋಡಿಸಿದ ರಾಶಿಯನ್ನು ಅವಳು ಈಗ ಪೂರ್ತಿ ಬಿಚ್ಚಬೇಕಾಗಿತ್ತು.

“ವದ್ದು ತಾತಾ, ಬೇಡ, ಒಂದೊಂದೇ, ಒಂದೊಂದೇ” ಎಂದು ಅವಳು ಎರಡೂ ಕೈ ಮುಂದೆ ಮಾಡಿದಳು. ವಿಮಾನ ಒಮ್ಮೆ ಗುಂಡಿಗೆ ಬಿದ್ದ ಬಸ್ಸಿನಂತೆ ಕುಸಿಯಿತು. ರಾಶಿ ವಾಲಿತು. ಟ್ರೇಗಳನ್ನು ಅವಳು ಎದೆಗೊತ್ತಿ ಹಿಡಿದಳು. ಮೇಲಿನ ಕಪ್ಪು ಹಾರಿ, ದಾರಿಯ ಆ ಬದಿಗೆ ಕೂತು ಕಾಗದಪತ್ರ ನೋಡುತ್ತಿದ್ದ ಒಬ್ಬ ಮನುಷ್ಯನ ತಿಳಿ ಬಣ್ಣದ ಕೋಟಿನ ಮೇಲೆ ಬಿತ್ತು.

ಅವನು ತಲೆ ಎತ್ತಿದಾಗ ಕಂಡದ್ದು ಟ್ರೇ ಹಿಡಿದು ನಿಂತ ಹುಡುಗಿ. ಇಂಗ್ಲಿಷಿನಲ್ಲಿ ಬಯ್ಯತೊಡಗಿದ. ಮಾತು ಅರ್ಥವಾಗದಿದ್ದರೂ ಆ ದನಿ ಹನುಮಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಹುಡುಗಿ ಮಂಡಿಯೂರಿ ಕೂತು, ಬಟ್ಟೆ ಒದ್ದೆ ಮಾಡಿ ಕೋಟು ಒರೆಸುತ್ತಾ, “ಸಾರಿ ಸರ್, ಮೈ ಮಿಸ್ಟೇಕ್ ಸರ್” ಎಂದಳು. ಆ ಎರಡು ಮಾತು ಹನುಮಯ್ಯನಿಗೆ ಅರ್ಥವಾಯಿತು. ನನ್ನ ತಪ್ಪು ಅನ್ನುತ್ತಿದ್ದಾಳೆ.

ಅವಳು ಒಂದು ಸಲ ಅವನ ಕಡೆ ಕಣ್ಣು ಹಾಯಿಸಿದ್ದರೆ ಸಾಕಿತ್ತು, ಬಯ್ಗುಳ ಈ ಬದಿಗೆ ತಿರುಗುತ್ತಿತ್ತು. ಅವಳು ಹಾಯಿಸಲಿಲ್ಲ.

ಹನುಮಯ್ಯ ಕೂತುಬಿಟ್ಟ. ಕೈ ಎರಡೂ ತೊಡೆಯ ಕೆಳಗೆ ಹೋಗಿದ್ದವು. ಬಾಯಿ ತೆರೆಯಬೇಕು ಎಂದುಕೊಂಡ. ನಾಲಿಗೆ ಅಂಗುಳಕ್ಕೆ ಹತ್ತಿಕೊಂಡಿತ್ತು. ಕೋಟು ಹಾಕಿದ ಮನುಷ್ಯ, ಇಂಗ್ಲಿಷು, ಒರೆಸುವ ಬಟ್ಟೆ. ಇವನ ಮೈಗೆ ಅದು ಹಳೇ ಜ್ವರದ ಹಾಗೆ ಬಂದಿತ್ತು. ನಾನು ಇಲ್ಲಿ ಇಲ್ಲವೇ ಇಲ್ಲ ಎಂಬಂತೆ ಮುಂದಿನ ಸೀಟಿನ ಬೆನ್ನನ್ನು ನೋಡುತ್ತಾ ಕೂತ.

ದೊಡ್ಡ ಕೆಲಸದವನಿರಬೇಕು, ಟೈ ಕಟ್ಟಿದ ಒಬ್ಬ ಗಂಡಸು ಬಂದ. ಕೋಟಿನವನು ಏನೋ ಕೇಳಿದ. ಟೈನವನು ಒಳಗೆ ಹೋಗಿ ಒಂದು ಕಾಗದ ತಂದುಕೊಟ್ಟ. ಕೋಟಿನವನು ಜೇಬಿನಿಂದ ಪೆನ್ನು ತೆಗೆದ.

“ಏನಂತೆ ಮೇಡಂ?” ಎಂದು ಅನುಸೂಯಮ್ಮ ಬಗ್ಗಿ ದ್ರಾಕ್ಷಾಯಣಿಯವರನ್ನು ಕೇಳಿದಳು.

“ಕಂಪ್ಲೇಂಟ್ ಬರೀತಿದ್ದಾರೆ ಅಮ್ಮ. ಆ ಹುಡುಗಿಯ ಮೇಲೆ.”

“ಬರೆದ್ರೆ ಏನಾಯ್ತದೆ?”

“ಗೊತ್ತಿಲ್ಲ. ಹೊಸಬಳ ಹಾಗೆ ಕಾಣ್ತಾಳೆ. ಕೆಲಸಕ್ಕೇ ತೊಂದರೆ ಆಗಬಹುದು.”

ಅನುಸೂಯಮ್ಮ ಗಂಡನ ಕಡೆ ತಿರುಗಿದಳು. “ಕೇಳಿಸ್ತಾ? ನನ್ನ ಕೈಯಿಂದ ಬಿತ್ತು ಅಂತ ಹೇಳ್ರೀ.”

ಹನುಮಯ್ಯ ಮುಂದಿನ ಸೀಟನ್ನೇ ನೋಡುತ್ತಿದ್ದ. ಪೆನ್ನು ಓಡುವ ಸದ್ದು ಎಂಜಿನ್ನಿನ ಸದ್ದಿನಲ್ಲಿ ಕೇಳುವಂಥದ್ದಲ್ಲ, ಆದರೂ ಅವನಿಗೆ ಕೇಳುತ್ತಿತ್ತು. ಒಂದು ಸಾಲು. ಎರಡು ಸಾಲು. ಎರಡಕ್ಕೆ ನಿಲ್ಲಲಿಲ್ಲ.

ಅನುಸೂಯಮ್ಮ ಸ್ವಲ್ಪ ಹೊತ್ತು ಕಾದಳು. ಆಮೇಲೆ ಅವನ ಕಿವಿಯ ಹತ್ತಿರ ಬಾಯಿ ತಂದು, ಸಿಟ್ಟಿಲ್ಲದೆ, ನಿಧಾನವಾಗಿ ಕೇಳಿದಳು. “ಯಾಕ್ರೀ, ಆಚೆ ಕಡೆ ತಿರುಗ್ಕಂಡಿದ್ರಾ?”

ಯಾರೋ ಕೆನ್ನೆಗೆ ಹೊಡೆದಂತಾಯಿತು. ಮರಿಯಣ್ಣನ ಮುಖ, ಆ ಬಗ್ಗಿದ ಕತ್ತು ಕಣ್ಣ ಮುಂದೆ ಬಂತು. ಹದಿನಾಲ್ಕು ವರ್ಷ ಆ ಕತ್ತನ್ನು ಅವನು ಬಯ್ದಿದ್ದ. ಈಗ ಆ ಕತ್ತು ತನ್ನದೇ ಹೆಗಲ ಮೇಲಿತ್ತು. ಇನ್ನೊಂದು ಗಂಟೆಗೆ ದೆಹಲಿ. ಇಳಿದ ಮೇಲೆ ಇಷ್ಟು ಜನವೂ ಗಾಡಿಯಲ್ಲಿ ಹೋದ ಕನ್ನಡಕದವರ ಹಾಗೆ ಚೆದುರಿಹೋಗುತ್ತಾರೆ. ನೋಡಿದವನು ಎಂದು ಹೇಳಲು ಯಾರೂ ಉಳಿಯುವುದಿಲ್ಲ.

“ಮೇಡಂ, ನನಗೂ ಬೇಕು ಆ ಪುಸ್ತಕ” ಅಂದ.

“ಯಾವ ಪುಸ್ತಕ?”

“ಕಂಪ್ಲೇಂಟ್ ಬುಕ್ಕು.”

ದ್ರಾಕ್ಷಾಯಣಿ ಅವನ ಮುಖ ನೋಡಿದರು. “ನೀವು ಯಾರ ಮೇಲೆ ಬರೀಬೇಕು?”

“ನನ್ನ ಮೇಲೆ.”

ಅವರು ತಲೆಯ ಮೇಲಿನ ಗುಂಡಿ ಒತ್ತಿದರು. ಬಂದವಳು ಆ ಹುಡುಗಿಯೇ. ಸೀರೆಯ ಎದೆಯ ಮೇಲೆಲ್ಲ ಸಾಂಬಾರು ಕಲೆ. ಮುಖ ತೊಳೆದುಕೊಂಡು ಬಂದಿದ್ದಳು. ಕೇಳಿದ ಮೇಲೆ ಬಗ್ಗಿ ಸಣ್ಣ ದನಿಯಲ್ಲಿ, “ಬೇಡ ತಾತಾ. ಮೀರು ದೊಡ್ಡೋರು. ಇದು ನನ್ನ ಡ್ಯೂಟಿ. ಹೋಗಲಿ” ಅಂದಳು.

“ಹೋಗಕ್ಕೆ ಬುಡಾಕಿಲ್ಲ ಕಣವ್ವ. ಬರೆದದ್ದು ಹೋಗಾಕಿಲ್ಲ. ಅದು ಹಂಗೇ ಉಳ್ಕತದೆ. ನಂಗೊತ್ತು. ಕಾಗದ ತಗಂಡು ಬಾ.”

ಅವಳು ತರಲಿಲ್ಲ. ಟೈನವನನ್ನು ದ್ರಾಕ್ಷಾಯಣಿಯವರೇ ಕರೆದು ಕೇಳಿದರು. ಪ್ಯಾಸೆಂಜರು ತನ್ನ ಮೇಲೆ ತಾನೇ ಕಂಪ್ಲೇಂಟು ಕೊಡುವುದು ನಮ್ಮಲ್ಲಿ ಇಲ್ಲವಲ್ಲ ಎಂದು ಅವನು ಮೊದಲು ನಕ್ಕ. ಹನುಮಯ್ಯ ನಗದೇ ಇದ್ದದ್ದು ನೋಡಿ ತಾನೂ ನಿಲ್ಲಿಸಿ, ಅಭಿಪ್ರಾಯ ಬರೆಯುವ ದಪ್ಪ ಕಾಗದದ ಕಾರ್ಡೊಂದನ್ನು ತಂದುಕೊಟ್ಟ.

ಅಷ್ಟರಲ್ಲಿ ಹನುಮಯ್ಯ ಎದ್ದಿದ್ದ. ದ್ರಾಕ್ಷಾಯಣಿಯವರನ್ನು ದಾಟಿ ದಾರಿಗೆ ಬಂದು, ಕೋಟಿನವನ ಪಕ್ಕ ಕೈ ಕಟ್ಟಿ ನಿಂತ. “ಸ್ವಾಮಿ, ಚೆಲ್ಲಿದ್ದು ನಾನು. ಆಯಮ್ಮ ಅಲ್ಲ. ನಾನು ತಟ್ಟೆ ಜೋಡಿಸಿದ್ದು ತಪ್ಪಾಯ್ತು.” ದ್ರಾಕ್ಷಾಯಣಿ ಕೂತಲ್ಲಿಂದಲೇ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಆ ಮನುಷ್ಯ ಕಾಗದಪತ್ರದಿಂದ ಕಣ್ಣು ಕೀಳಲಿಲ್ಲ. ಏನೋ ಅಂದ.

“ಏನಂತಾರೆ?”

“ಅವಳು ಹುಷಾರಾಗಿರಬೇಕಿತ್ತು ಅಂತ.”

“ನಾನಲ್ಲವ್ರಾ ಹುಷಾರಾಗಿರಬೇಕಿದ್ದೋನು?”

ಅದನ್ನೂ ಅವರು ಹೇಳಿದರು. ಆ ಮನುಷ್ಯ ಬರೆದ ಕಾಗದವನ್ನು ವಾಪಸು ಕೇಳಲಿಲ್ಲ. ಹನುಮಯ್ಯ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಬಂದು ಕೂತ.

“ಹೇಳಿ, ನಾನು ಇಂಗ್ಲಿಷಿನಲ್ಲಿ ಬರೆದುಕೊಡ್ತೀನಿ” ಅಂದರು ದ್ರಾಕ್ಷಾಯಣಿ.

“ಕೆಳಗೆ ನೀವು ಬರೀರಿ ಮೇಡಂ. ಮೇಲೆ ನಾನೇ ಬರೀತೀನಿ. ನನ್ನ ಅಕ್ಷರ ಇರಬೇಕು ಅದರಲ್ಲಿ.” ಆಮೇಲೆ ಹುಡುಗಿಯನ್ನು ಕೇಳಿದ. “ನಿನ್ನ ಹೆಸರೇನವ್ವ?”

ಅವಳು ಬೇಡ ಎಂದು ತಲೆ ಆಡಿಸಿದಳು. ಎದೆಯ ಮೇಲಿನ ಬಿಲ್ಲೆ ಓದಿ ದ್ರಾಕ್ಷಾಯಣಿ ಹೇಳಿದರು. “ಉಷಾರಾಣಿ.”

ನಾಲ್ಕನೇ ಕ್ಲಾಸಿನ ಅಕ್ಷರ. ಪೆನ್ನು ಹಿಡಿದು ಎಷ್ಟು ವರ್ಷವಾಗಿತ್ತೋ. ಅರ್ಧ ಬರೆಯುವಷ್ಟರಲ್ಲಿ ವಿಮಾನ ಇಳಿಯತೊಡಗಿತು, ಮುಂದಿನ ಹಲಗೆ ಮಡಿಸಬೇಕು ಎಂದರು. ಮಂಡಿಯ ಮೇಲೆ ಇಟ್ಟುಕೊಂಡು ಬರೆದ. ಒತ್ತು ಬಿಟ್ಟದ್ದು, ದೀರ್ಘ ತಪ್ಪಿದ್ದು ಇತ್ತು. ಓದಿದರೆ ಹೀಗಿತ್ತು:

“ನಾನು ಹನುಮಯ್ಯ, ಅರಸೀಕೆರೆ. ಟೀ ಚೆಲ್ಲಿದವನು ನಾನು. ಉಷಾರಾಣಿ ಚೆಲ್ಲಲಿಲ್ಲ. ನಾನು ಇಪ್ಪತ್ತೆಂಟು ವರ್ಷ ಸಪ್ಲೈಯರ್ ಕೆಲಸ ಮಾಡಿದ್ದೇನೆ. ಒಳ್ಳೆ ಕೆಲಸ ಯಾವುದು ಎಂದು ನನಗೆ ಗೊತ್ತು. ಈಯಮ್ಮ ಟೀಯನ್ನು ಗಿರಾಕಿ ಮೇಲೆ ಸುರಿಯುವುದಿಲ್ಲ, ತನ್ನ ಕಡೆ ಎಳೆದುಕೊಂಡು ಸುರಿಯುತ್ತಾಳೆ. ನಾವು ಮುಖ ನೋಡದಿದ್ದರೂ ಅವಳು ನೋಡುತ್ತಾಳೆ. ನನ್ನ ಹೆಂಡತಿ ಅಳುವಾಗ ಕೈ ಹಿಡಿದಳು. ನನ್ನ ತಪ್ಪನ್ನು ತನ್ನದು ಅಂದಳು. ಅವಳ ಕೈಯಿಂದ ತಟ್ಟೆ ಕಿತ್ತುಕೊಳ್ಳಬೇಡಿ.”

ದ್ರಾಕ್ಷಾಯಣಿ ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆದು, ನಾನೂ ನೋಡಿದ್ದೇನೆ ಎಂದು ಸೇರಿಸಿ, ತಮ್ಮ ಹೆಸರು, ಕಾಲೇಜಿನ ಹೆಸರು, ಹನುಮಯ್ಯನ ಮನೆಯ ವಿಳಾಸ ಹಾಕಿದರು.

ಕಾರ್ಡನ್ನು ಹನುಮಯ್ಯ ಟೈನವನ ಕೈಯಲ್ಲೇ ಇಟ್ಟ. “ಎರಡೂ ಹೋಗುತ್ತವೆ, ಅದೂ ಇದೂ” ಎಂದು ಆತ ಹೇಳಿದ್ದನ್ನು ದ್ರಾಕ್ಷಾಯಣಿ ತಿಳಿಸಿದರು. ಯಾವುದು ಮೇಲೆ, ಯಾವುದು ಕೆಳಗೆ ಎಂದು ಹೇಳಲಿಲ್ಲ.

ಇಳಿಯುವ ಬಾಗಿಲಲ್ಲಿ ಹುಡುಗಿ ಕೈ ಮುಗಿದು ನಿಂತಿದ್ದಳು. ಜನ ಅವಳನ್ನು ಬಾಗಿಲಿನ ಒಂದು ಭಾಗ ಎಂಬಂತೆ ದಾಟಿ ಹೋಗುತ್ತಿದ್ದರು. ಹನುಮಯ್ಯ ನಿಂತ. ಹಿಂದಿನವರು ಗೊಣಗಿದರೂ ನಿಂತ.

“ಬತ್ತೀನಿ ಕಣವ್ವ ಉಷಾರಾಣಿ.”

ಅವಳು ಮುಗಿದ ಕೈ ಇಳಿಸಿದಳು. “ಮತ್ತೆ ಬರುವಾಗ ಟ್ರೇ ಮುಟ್ಟಬೇಡಿ ತಾತಾ.”

“ಮುಟ್ಟಾಕಿಲ್ಲ ಹೋಗವ್ವ” ಅಂದ. ಅನುಸೂಯಮ್ಮ ಅವಳ ಕೆನ್ನೆ ಸವರಿ, ತನ್ನ ಹಣೆಯ ಎರಡು ಬದಿಗೆ ಬೆರಳು ಒತ್ತಿ ನೆಟಿಕೆ ಮುರಿದಳು.

ದೆಹಲಿಯ ಆಸ್ಪತ್ರೆಯಲ್ಲಿ ಮಾಲಿನಿಗೆ ಆವತ್ತು ಸಂಜೆ ಹೆಣ್ಣು ಮಗು ಹುಟ್ಟಿತು. ಒಂದೂವರೆ ಕೇಜಿ. ಇಪ್ಪತ್ತೆರಡು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಉಳಿಯಿತು. ಮೂರು ತಿಂಗಳು ಬಾಣಂತನ ಮುಗಿಸಿ ಗಂಡಹೆಂಡಿರು ರೈಲಿನಲ್ಲಿ ವಾಪಸು ಬಂದರು.

ಬಂದ ಮಾರನೇ ದಿನವೇ ಹನುಮಯ್ಯನಿಗೆ ಮರಿಯಣ್ಣ ರೈಲ್ವೆ ಗೇಟಿನ ಹತ್ತಿರ ಎದುರಾದ. ಗೇಟು ಹಾಕಿತ್ತು. ದಾಟಿ ಹೋಗುವ ಹಾಗಿರಲಿಲ್ಲ.

“ಏನ್ಲಾ ಮರಿಯಣ್ಣ” ಅಂದ ಹನುಮಯ್ಯ.

ಮರಿಯಣ್ಣ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ. ಮುದುಕನಾಗಿಬಿಟ್ಟಿದ್ದ.

“ನಿನ್ನೇ ಕಣ್ಲಾ. ನಿನ್ನ ಮೇಲೆ ಸಿಟ್ಟು ಹೋಯ್ತು ಅಂತಲ್ಲ. ಬಾಯಿ ಹೆಂಗೆ ಕಟ್ಕತದೆ ಅಂತ ಗೊತ್ತಾಯ್ತು, ಅಷ್ಟೇಯ.”

ಗೂಡ್ಸು ಗಾಡಿ ಉದ್ದಕ್ಕಿತ್ತು. ಅದು ಹೋಗುವ ತನಕ ಇಬ್ಬರೂ ಅಕ್ಕಪಕ್ಕ ನಿಂತಿದ್ದರು.

ಮತ್ತೂ ಒಂದು ತಿಂಗಳಿಗೆ ವಿಮಾನದ ಕಂಪನಿಯಿಂದ ಕಾಗದ ಬಂತು. ಹೊಳೆಯುವ ಕವರು, ಒಳಗೆ ಇಂಗ್ಲಿಷಿನಲ್ಲಿ ಅಚ್ಚು ಮಾಡಿದ ಒಂದು ಹಾಳೆ. ಹನುಮಯ್ಯ ಅದನ್ನು ಬೀದಿಯ ಕರಿಬಸವಯ್ಯ ಮೇಷ್ಟರ ಹತ್ತಿರ ಒಯ್ದ. ಅನುಸೂಯಮ್ಮನೂ ಜೊತೆಗೆ ಹೋದಳು.

ಮೇಷ್ಟರು ಓದಿದರು. “ನಿಮ್ಮ ಅಭಿಪ್ರಾಯ ತಿಳಿಸಿದ್ದಕ್ಕೆ ವಂದನೆಗಳು. ನಿಮ್ಮಂಥ ಪ್ರಯಾಣಿಕರೇ ನಮ್ಮ ಬಲ. ಮತ್ತೆ ನಮ್ಮ ವಿಮಾನದಲ್ಲಿ ಪ್ರಯಾಣ ಮಾಡಿ. ನೋಡಯ್ಯಾ ಹನುಮಯ್ಯ, ಕಂಪನಿಯವರೇ ನಿನಗೆ ವಂದನೆ ಹೇಳಿದಾರೆ!”

“ಉಷಾರಾಣಿ ವಿಚಾರ ಏನೈತೆ?”

“ಯಾರ ವಿಚಾರ?”

“ಆ ಹುಡುಗಿ ವಿಚಾರ. ಹೆಸರು ಐತಾ ನೋಡಿ.”

ಮೇಷ್ಟರು ಕಾಗದದ ಹಿಂಬದಿಯನ್ನೂ ನೋಡಿದರು. “ಇಲ್ಲಪ್ಪ.”

ಹನುಮಯ್ಯ ಕಾಗದ ಮಡಿಸಿ ಕೈಗೆ ತೆಗೆದುಕೊಂಡ. ದಾರಿಯಲ್ಲಿ ಪೋಸ್ಟಾಫೀಸಿಗೆ ಹೋಗಿ ಒಂದು ಇನ್‌ಲ್ಯಾಂಡ್ ಲೆಟರು ತಂದ. ಮನೆಯ ಜಗಲಿಯಲ್ಲಿ ಕೂತು ಬರೆದ. “ನನಗೆ ವಂದನೆ ಬೇಕಾಗಿಲ್ಲ. ಉಷಾರಾಣಿ ಕೆಲಸದಲ್ಲಿ ಇದ್ದಾಳೋ ಇಲ್ಲವೋ ತಿಳಿಸಿ.” ಕವರಿನ ಮೇಲಿದ್ದ ವಿಳಾಸವನ್ನು ಮೇಷ್ಟರ ಕೈಯಲ್ಲಿ ಬರೆಸಿ ಡಬ್ಬಕ್ಕೆ ಹಾಕಿದ. ಉತ್ತರ ಬರಲಿಲ್ಲ. ಎರಡು ತಿಂಗಳು ಬಿಟ್ಟು ಮತ್ತೆ ಅದನ್ನೇ ಬರೆದ. ಅದಕ್ಕೆ ಮತ್ತೊಂದು ಹೊಳೆಯುವ ಕವರು ಬಂತು, ಒಳಗೆ ಮೊದಲಿನದೇ ಅಚ್ಚಿನ ಹಾಳೆ.

ಸಂಜೆ ಕರೆಂಟು ಹೋಗಿ, ದೀಪದ ಬೆಳಕಿನಲ್ಲಿ ಮೂರನೆಯದನ್ನು ಬರೆಯಲು ಕೂತಾಗ ಅನುಸೂಯಮ್ಮ ಹೊಸಿಲ ಮೇಲೆ ನಿಂತಳು. “ಇನ್ನೂ ಎಷ್ಟು ಸಲ ಬರೀತೀರ?”

ಹನುಮಯ್ಯ ತಲೆ ಎತ್ತಲಿಲ್ಲ. ಉ ಬರೆದು, ಷಾ ಬರೆಯುತ್ತಿದ್ದ.

“ಅವಳ ಹೆಸರು ಹಾಕಿ ಒಂದು ಮಾತು ಬರೋವರ್ಗೂ ಬರೀತೀನಿ ಕಣೆ. ನೀನು ಆ ದೀಪ ಸ್ವಲ್ಪ ಈ ಕಡೆ ಇಡು.”